ಬೋರ್ಡಕ್ಕನ ಸೋಲಿನ ಪುಸ್ತಕ

ಬೆಳಿಗ್ಗೆ ಐದೂಕಾಲು. ಬೇರೆಯವರ ಅಡುಗೆಮನೆಯಲ್ಲಿ, ಬೇರೆಯವರ ಓವನ್ನಿನ ಮುಂದೆ, ಒಂದು ಮೋಟು ಸ್ಟೂಲಿನ ಮೇಲೆ ಬೋರ್ಡಕ್ಕ ಕೂತಿದ್ದಾರೆ. ಮಡಿಲಲ್ಲಿ ಮೀಟರ್, ಕಾಲ ಬಳಿ ಸ್ಕ್ರೂಡ್ರೈವರುಗಳ ಡಬ್ಬಿ. ಎರಡನ್ನೂ ಮುಟ್ಟುತ್ತಿಲ್ಲ. ಗಾಜಿನ ಬಾಗಿಲ ಹಿಂದೆ ಆರು ಬ್ರೆಡ್ಡುಗಳು ಉಬ್ಬುತ್ತಿವೆ. ಅವರ ಕಣ್ಣು ಬ್ರೆಡ್ಡಿನ ಮೇಲಿಲ್ಲ, ಬಾಗಿಲ ಮೇಲಿನ ಪುಟ್ಟ ಪರದೆಯ ಹಸಿರು ಅಂಕಿಗಳ ಮೇಲಿದೆ.

“ಅಕ್ಕ, ಟೀ ಕುಡೀರಿ. ಅದೇನು ಓಡಿಹೋಗಲ್ಲ,” ಎನ್ನುತ್ತಾರೆ ಮನೆಯಾಕೆ, ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ, ಮುಂದಲೆಯ ಕೂದಲನ್ನು ಮೊಣಕೈಯಲ್ಲಿ ಸರಿಸುತ್ತಾ.

“ಇದರ ಬುದ್ಧಿ ನಿಮಗೆ ಗೊತ್ತಿಲ್ಲ. ನಾನು ಆ ಕಡೆ ತಿರುಗಿದಾಗಲೇ ಕೆಡುತ್ತೆ.”

ಮನೆಯಾಕೆ ಮನೆಯಲ್ಲೇ ಬ್ರೆಡ್ ಬೇಯಿಸಿ, ದಿನವೂ ಏಳೂವರೆಗೆ ಒಂದು ಕಚೇರಿಯ ಕ್ಯಾಂಟೀನಿಗೆ ತಲುಪಿಸುತ್ತಾರೆ. ಸರದಿಗೆ ಆರರಂತೆ ಎರಡು ಸರದಿ. ನಾಲ್ಕು ತಿಂಗಳಿಂದ ಎರಡನೇ ಸರದಿಯದೇ ಗೋಳು. ಓವನ್ ಮತ್ತೆ ಹಚ್ಚಿದರೆ ಕೆಲವು ದಿನ ಪರದೆಯ ಮೇಲೆ ‘ಎಫ್ 3’ ಎಂದು ಬಂದು ಪೀಂ ಪೀಂ ಎಂದು ಕಿರುಚುತ್ತದೆ, ಬಿಸಿಯಾಗುವುದಿಲ್ಲ. ಒಳಗಿನ ಬಿಸಿಯನ್ನು ಅಳೆದು ಹೇಳುವ ಸೆನ್ಸರಿನ ಮಾತು ಓವನ್ ನಡೆಸುವ ಬೋರ್ಡಿಗೆ ಕೇಳಿಸುತ್ತಿಲ್ಲ ಎಂದು ಅದರ ಅರ್ಥ. ಮೊದಲ ಸಲ ಬೋರ್ಡಕ್ಕ ಸೆನ್ಸರನ್ನೇ ಬದಲಿಸಿದರು. ಎರಡನೇ ಸಲ ಸೆನ್ಸರಿನ ತಂತಿ ಬೋರ್ಡಿಗೆ ಸೇರುವ ಕಡೆ ಹೊಸದಾಗಿ ಬೆಸುಗೆ ಹಾಕಿದರು. ಎರಡು ಸಲವೂ ಓವನ್ ಅವರ ಮೇಜಿನ ಮೇಲೆ ಐದೈದು ಗಂಟೆ ಒಳ್ಳೇ ಮಗುವಿನ ಹಾಗೆ ನಡೆಯಿತು. ಎರಡು ಸಲವೂ ಮನೆಗೆ ಹೋಗಿ ತಿಂಗಳೊಳಗೆ ಹಳೇ ರಾಗ ತೆಗೆಯಿತು. ಹೋದ ವಾರ ಆರು ಬ್ರೆಡ್ಡಿನ ಹಿಟ್ಟು ಕಸದ ಬುಟ್ಟಿ ಸೇರಿದ ಮೇಲೆ ಮನೆಯಾಕೆ ಗುಜರಿಯವನಿಗೆ ಸೋಮವಾರ ಬರಲು ಹೇಳಿಬಿಟ್ಟಿದ್ದಾರೆ. ಇವತ್ತು ಶನಿವಾರ.

ಬೋರ್ಡಕ್ಕನಿಗೆ ಇನ್ನೊಂದು ಚಿಂತೆ ಇದೆ. ಅವರ ಬಳಿ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿದೆ. ಮನೆಯಲ್ಲಿ ಅದಕ್ಕೆ ‘ಸೋಲಿನ ಪುಸ್ತಕ’ ಎಂದೇ ಹೆಸರು. ರಿಪೇರಿಯಾದ ಓವನ್ನುಗಳ ಲೆಕ್ಕ ಅದರಲ್ಲಿಲ್ಲ. ಮೂರು ಸಲ ವಾಪಸು ಬಂದು, ಕೊನೆಗೂ ಕೈಕೊಟ್ಟವುಗಳಿಗೆ ಮಾತ್ರ ಅಲ್ಲಿ ಜಾಗ. ಹನ್ನೊಂದು ವರ್ಷದಲ್ಲಿ ಒಂಬತ್ತು. ಇದು ಹತ್ತನೆಯದಾದೀತೇ ಎಂಬುದೇ ಆ ಚಿಂತೆ.

“ಗೆದ್ದಿದ್ದು ಬರೆದು ಏನು ಮಾಡ್ಲಿ? ಅದು ಯಾರದೋ ಮನೇಲಿ ಕೆಲ್ಸ ಮಾಡ್ಕೊಂಡಿರುತ್ತೆ. ಸೋತಿದ್ದು ಬರೀದಿದ್ರೆ ನಾನೇ ಮರ್ತು, ದೊಡ್ಡ ಮೆಕ್ಯಾನಿಕ್ ಅನ್ಕೊಂಡ್ಬಿಡ್ತೀನಿ.”

ಹಿಂದೆ ಅವರು ಟಿ.ವಿ. ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದರು. ಹದಿನಾರು ವರ್ಷ, ಪಾಳಿಗೆ ನಾನೂರು ಬೋರ್ಡು, ಪ್ರತಿ ಬೋರ್ಡಿನಲ್ಲೂ ಅದೇ ಹನ್ನೊಂದು ಬೆಸುಗೆ. ಕಾರ್ಖಾನೆ ಬಾಗಿಲು ಹಾಕಿದ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಕೆಟ್ಟು ನಿಂತಾಗ ಬಿಚ್ಚಿ ಸರಿಮಾಡಿದ್ದೇ ಅವರ ಸ್ವಂತ ಕೆಲಸದ ಮೊದಲ ರಿಪೇರಿ. ಗಂಡ ದರ್ಜಿ. ತಮ್ಮ ಅಂಗಡಿಯ ಅರ್ಧ ಮೇಜನ್ನು ಹೆಂಡತಿಗೆ ಬಿಟ್ಟುಕೊಟ್ಟರು. ಈಗ ಒಂದು ಕಡೆ ಹೊಲಿಗೆ, ಇನ್ನೊಂದು ಕಡೆ ಬೆಸುಗೆ. ಬಂದವರೆಲ್ಲ ಗಂಡಸಿನ ಮುಖ ನೋಡಿ “ಮೆಕ್ಯಾನಿಕ್ ನೀವೇನಾ?” ಎನ್ನುತ್ತಾರೆ. ಅವರು ಕತ್ತರಿ ಎತ್ತಿ ಹೆಂಡತಿಯ ಕಡೆ ತೋರಿಸುತ್ತಾರೆ. “ಹನ್ನೊಂದು ವರ್ಷದಿಂದ ತೋರಿಸ್ತಾನೇ ಇದೀನಿ. ಒಂದು ಬೋರ್ಡ್ ಬರೆಸಿ ಹಾಕು ಅಂದ್ರೆ, ಬೋರ್ಡ್ ನೋಡಿ ನೋಡಿ ಸಾಕಾಗಿದೆ ಅಂತಾಳೆ,” ಎಂಬುದು ಗಂಡನ ದೂರು.

ದಿನಕ್ಕೆ ನಾಲ್ಕೈದು ಬೋರ್ಡು ಬರುತ್ತವೆ. ಹತ್ತರಲ್ಲಿ ಆರಕ್ಕೆ ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಕೆಪಾಸಿಟರ್ ಊದಿಕೊಂಡಿರುತ್ತದೆ. ಎರಡರಲ್ಲಿ ಕರೆಂಟ್ ಹರಿಸಿ ತಡೆಯುವ ರಿಲೇ ಅಂಟಿಕೊಂಡಿರುತ್ತದೆ. ಒಂದರಲ್ಲಿ ಜಿರಲೆ. (“ಒಳಗೆ ಬೆಚ್ಚಗಿರುತ್ತಲ್ಲ, ಸಂಸಾರ ಹೂಡುತ್ವೆ.”) ಉಳಿದ ಒಂದು ನಿಜವಾಗಿಯೂ ಸತ್ತಿರುತ್ತದೆ. ಕಂಪನಿಯವರು ಬೋರ್ಡು ರಿಪೇರಿ ಮಾಡುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಅದರ ನಕ್ಷೆಯನ್ನು ಹೊರಗೆ ಯಾರಿಗೂ ಕೊಡುವುದಿಲ್ಲ. ಬೋರ್ಡಕ್ಕ ಬೋರ್ಡನ್ನು ಬಲ್ಬಿನ ಮುಂದೆ ಹಿಡಿದು, ತಾಮ್ರದ ದಾರಿಗಳನ್ನು ಕಣ್ಣಲ್ಲೇ ಹಿಂಬಾಲಿಸಿ, ಗಂಡ ಅಳತೆ ಕತ್ತರಿಸಿ ಉಳಿದ ಕಾಗದದ ಮೇಲೆ ತಾವೇ ನಕ್ಷೆ ಬರೆದುಕೊಳ್ಳುತ್ತಾರೆ. ಸಣ್ಣ ಬೆಸುಗೆ ನೋಡಲು ಒಂದರ ಮೇಲೊಂದು ಎರಡು ಕನ್ನಡಕ ಬೇಕು. ಎಡಗೈ ಹೆಬ್ಬೆರಳಿನ ತುದಿಗೆ ಬಿಸಿ ಗೊತ್ತಾಗದೆ ಆರು ವರ್ಷವಾಯಿತು.

ಐದು ಐವತ್ತಕ್ಕೆ ಮೊದಲ ಸರದಿ ಹೊರಬರುತ್ತದೆ. ಬ್ರೆಡ್ಡಿಗೆ ಒಳ್ಳೇ ಬಣ್ಣ ಬಂದಿದೆ. ಎರಡನೇ ಸರದಿಯ ಹಿಟ್ಟು ಉಬ್ಬಲು ಇನ್ನೂ ಕಾಲು ಗಂಟೆ ಬೇಕು. ಮನೆಯಾಕೆ ಓವನ್ನಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬ್ರೆಡ್ಡನ್ನು ಆರಲು ಹಾಕಲು ನಡುಮನೆಗೆ ಹೋಗುತ್ತಾರೆ. ಹಸಿರು ಅಂಕಿಗಳು ಆರಿದರೂ ಓವನ್ನಿನೊಳಗಿಂದ ಗುಂಯ್ ಎಂಬ ಸಣ್ಣ ಸದ್ದು ಬರುತ್ತಲೇ ಇದೆ.

ಅಷ್ಟರಲ್ಲಿ ಮನೆಯಾಕೆಯ ಮಾವ ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರುತ್ತಾರೆ. ಗೋಡೆಯ ಕಡೆ ನೋಡುವುದೂ ಇಲ್ಲ, ಕೈ ತಾನಾಗಿ ಹೋಗಿ ಓವನ್ನಿನ ಸ್ವಿಚ್ಚನ್ನು ಟಕ್ ಎಂದು ಆರಿಸುತ್ತದೆ. ಹಾಗೇ ಮುಂದೆ ಹೋಗಿ ಬಚ್ಚಲಿನ ದೀಪವನ್ನೂ ಆರಿಸುತ್ತಾರೆ.

ಗುಂಯ್ ನಿಂತುಹೋಗುತ್ತದೆ.

ಬೋರ್ಡಕ್ಕ ಎದ್ದು, ಹಿಂದೆ ಬೋರ್ಡು ಕೂತಿರುವ ಪರದೆಯ ಪಟ್ಟಿಯ ಮೇಲೆ ಬಲಗೈ ಇಡುತ್ತಾರೆ. ಬೆಚ್ಚಗಿದೆ. ಐದು ನಿಮಿಷ ಬಿಟ್ಟು ಮತ್ತೆ ಇಡುತ್ತಾರೆ. ಬಿಸಿ. ಹತ್ತು ನಿಮಿಷಕ್ಕೆ ಕೈ ಇಡಲಾಗುವುದಿಲ್ಲ. ಮನೆಯಾಕೆ ಎರಡನೇ ಸರದಿ ಒಳಗಿಟ್ಟು ಸ್ವಿಚ್ ಹಾಕುತ್ತಾರೆ. ಪೀಂ ಪೀಂ. ಎಫ್ 3. ಮನೆಯಾಕೆ ನೆಲದ ಮೇಲೆ ಕೂತುಬಿಡುತ್ತಾರೆ.

“ಸಿಕ್ಕಿಬಿತ್ತು,” ಎನ್ನುತ್ತಾರೆ ಬೋರ್ಡಕ್ಕ. “ಯಜಮಾನ್ರೇ, ಸ್ವಲ್ಪ ಬರ್ತೀರಾ? ದಿನಾ ಈ ಸ್ವಿಚ್ ಆರಿಸೋದು ನೀವೇನಾ?”

“ಮತ್ತೆ ಇನ್ಯಾರು? ಮೂವತ್ತೆರಡು ವರ್ಷ ಮನೆಮನೆ ಸುತ್ತಿ ಮೀಟರ್ ಓದಿದೀನಮ್ಮ. ಕರೆಂಟ್ ಹೆಂಗೆ ಪೋಲಾಗುತ್ತೆ ಅಂತ ನನಗೆ ಹೇಳ್ಕೊಡ್ಬೇಡ. ಓವನ್ ಆರಿಸಿದ್ಮೇಲೂ ಒಳಗೇನೋ ಗುಂಯ್ ಅಂತಿರುತ್ತೆ. ನಮ್ಮ ಸೊಸೆಗೆ ಕಿವಿನೇ ಇಲ್ಲ.”

“ಆ ಗುಂಯ್ ಅನ್ನೋದು ಬೋರ್ಡಿಗೆ ಗಾಳಿ ಹಾಕೋ ಫ್ಯಾನು. ಓವನ್ ಆರಿದ್ರೂ ಒಳಗಿನ ಕಾವು ಆರಲ್ವಲ್ಲ, ಅದು ಮೇಲೆ ಹತ್ತದ ಹಾಗೆ ಕಾಲು ಗಂಟೆ ತಿರುಗಿ ತಾನೇ ನಿಲ್ಲುತ್ತೆ. ನೀವು ಮಧ್ಯದಲ್ಲೇ ಅದರ ಕತ್ತು ಹಿಸುಕ್ತಾ ಇದ್ರಿ. ಇಲ್ಲಿ ಬ್ರೆಡ್ ಜೊತೆ ಬೋರ್ಡೂ ಬೇಯ್ತಾ ಇತ್ತು.”

“ಪುಣ್ಯಕ್ಕೆ ಫ್ರಿಜ್ ಒಂದು ಉಳ್ಕೊಂಡಿದೆ, ಮಾವ,” ಎನ್ನುತ್ತಾರೆ ಸೊಸೆ ನೆಲದಿಂದಲೇ.

“ಫ್ಯಾನು ಅಂತ ನನಗೆ ಯಾರಾದ್ರೂ ಹೇಳಿದ್ರಾ?” ಎಂದು ಮಾವ ಗದರುತ್ತಾರೆ.

ಯಾರೂ ಹೇಳಿರಲಿಲ್ಲ. ಏಕೆಂದರೆ ಯಾರೂ ಕೇಳಿರಲಿಲ್ಲ. ಬೋರ್ಡಕ್ಕ ಎರಡು ಸಲವೂ ಎಲ್ಲ ವಿಚಾರಿಸಿದ್ದರು: ಏನು ಬೇಯಿಸುತ್ತೀರಿ, ಎಷ್ಟು ಹೊತ್ತು, ಪರದೆ ಏನೆಂದಿತು. ಗೋಡೆಯ ಸ್ವಿಚ್ ಆರಿಸುವವರು ಯಾರು ಎಂದು ಕೇಳಲಿಲ್ಲ. ಅವರ ಅಂಗಡಿಯಲ್ಲಿ ಬೆಸುಗೆ ಕಡ್ಡಿಗೂ ಓವನ್ನಿಗೂ ಒಂದೇ ಸ್ವಿಚ್ಚು, ಅದನ್ನು ಆರಿಸುವುದು ಅಂಗಡಿಗೆ ಬೀಗ ಹಾಕುವಾಗ ಮಾತ್ರ. ಹೀಗಾಗಿ ಅಲ್ಲಿ ಫ್ಯಾನು ಪೂರ್ತಿ ತಿರುಗುತ್ತಿತ್ತು, ಬೋರ್ಡು ತಣ್ಣಗಿರುತ್ತಿತ್ತು, ಕಾದಾಗ ಮಾತ್ರ ಬಾಯಿಬಿಡುವ ಬೆಸುಗೆಯ ಬಿರುಕು ಮುಚ್ಚಿಕೊಂಡೇ ಇರುತ್ತಿತ್ತು.

ಪ್ಲಗ್ ಕಿತ್ತು, ಓವನ್ ಆರಿದ ಮೇಲೆ ಬೋರ್ಡು ಹೊರಗೆ ಬರುತ್ತದೆ. ಎರಡು ಕನ್ನಡಕದಡಿ ಬಿರುಕು ಕಾಣುತ್ತದೆ: ಸೆನ್ಸರ್ ತಂತಿಯ ಬುಡದಲ್ಲಿ, ಬೆಸುಗೆಯ ಸುತ್ತ, ಕೂದಲೆಳೆಯಷ್ಟು ತೆಳು ಉಂಗುರ. ಹಳೆಯದನ್ನು ಕರಗಿಸಿ ತೆಗೆದು, ಒಂದು ತುಂಡು ತಾಮ್ರದ ತಂತಿಯ ಆಸರೆ ಕೊಟ್ಟು ಹೊಸದಾಗಿ ಬೆಸೆಯುತ್ತಾರೆ. ಕ್ಯಾಂಟೀನಿಗೆ ಬ್ರೆಡ್ ಅರ್ಧ ಗಂಟೆ ತಡವಾಗಿ ತಲುಪುತ್ತದೆ. ಬೈಸಿಕೊಂಡು ಬಂದ ಮನೆಯಾಕೆ ನಗುತ್ತಲೇ ಬರುತ್ತಾರೆ.

ಸೋಮವಾರ ಗುಜರಿಯವನು ಒಂದು ಒಡೆದ ಬಕೆಟ್ಟು ತೆಗೆದುಕೊಂಡು ಹೋದ.

ಇದಾಗಿ ಮೂರು ತಿಂಗಳು. ಓವನ್ ವಾಪಸು ಬಂದಿಲ್ಲ. ಆದರೂ ಸೋಲಿನ ಪುಸ್ತಕದಲ್ಲಿ ಹತ್ತನೆಯದು ದಾಖಲಾಗಿದೆ: ‘ಓವನ್ ಸರಿಯಾಯಿತು. ತಪ್ಪು ನನ್ನದು. ಆರಿಸುವವರು ಯಾರೆಂದು ಕೇಳಲಿಲ್ಲ.’ ಈಗ ಅಂಗಡಿಗೆ ಯಾರೇ ಓವನ್ ತಂದರೂ ಮೊದಲು ಆ ಪ್ರಶ್ನೆ. ಪೊಲೀಸರು ವಿಚಾರಿಸಿದ ಹಾಗೆ ಜನ ತಡವರಿಸುತ್ತಾರೆ.

“ನಂದೇನು ದೊಡ್ಡ ಆಸೆ ಇಲ್ಲ. ಕೈ ನಿಲ್ಲೋ ಹೊತ್ತಿಗೆ ಆ ಪುಸ್ತಕದಲ್ಲಿ ಖಾಲಿ ಹಾಳೆ ಉಳ್ದಿದ್ರೆ ಸಾಕು,” ಎನ್ನುತ್ತಿರುವಾಗ ಅವರ ಫೋನು ಬಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ, ಇದೇ ಹೊತ್ತಿಗೆ ಬರುವ ಕರೆ.

“ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ತಾನೇ ನಿಂತಿತು. ನಾನು ಮುಟ್ಲಿಲ್ಲ. ಬರ್ಕೊಂಡ್ಯಾ?” ಎನ್ನುತ್ತಾರೆ ಆ ಕಡೆಯಿಂದ ಮಾವ.

“ಬರ್ಕೊಂಡೆ, ಯಜಮಾನ್ರೇ.”

ಏನೂ ಬರೆದುಕೊಂಡಿರುವುದಿಲ್ಲ. ಯಾರದು ಎಂದು ಗಂಡ ಹೊಲಿಗೆ ಯಂತ್ರದ ಹಿಂದಿನಿಂದ ಕೇಳುತ್ತಾರೆ.

“ಮೀಟರ್ ರೀಡಿಂಗು,” ಎಂದು ಬೋರ್ಡಕ್ಕ ಎರಡನೇ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಳ್ಳುತ್ತಾರೆ.