ಉಚ್ಚೆಂಗೆಮ್ಮ ರುಚಿ ಮರೆತ ಮಾವು

“ನಾನೂ ತಿನ್ನಲ್ಲವ್ವ, ನನ್ನ ಹೊಟ್ಟ್ಯಾಗ ಹುಟ್ಟಿದೋರಿಗೂ ತಿನ್ಸಲ್ಲ.” ಮದುವೆಯ ಹಿಂದಿನ ವರ್ಷ ಮಾವಿನಹಣ್ಣು ತಿಂದು, ತುಟಿ ನಾಲಿಗೆ ಊದಿ, ಉಸಿರು ಕಟ್ಟಿ ಬದುಕಿಕೊಂಡ ಉಚ್ಚೆಂಗೆಮ್ಮ ತಾಯಿಯ ತಲೆ ಮುಟ್ಟಿ ಕೊಟ್ಟ ಮಾತು ಇದು. ಮಾವು ತಮ್ಮ ಕುಲಕ್ಕೇ ಆಗಿಬರದು ಎಂಬುದು ಆ ತಾಯಿಯ ತೀರ್ಮಾನ.

ಗಂಡ ಸೂರಪ್ಪ ತೀರಿಕೊಂಡಾಗ ಸಿಕ್ಕ ಕೆಲಸವೂ ಮಾವಿನದೇ. ದಾವಣಗೆರೆಯ ಹತ್ತಿಗಿರಣಿಯ ಬೆಳಗಿನ ಮೊದಲ ಸೀಟಿ ಕೂಗುವ ಮುಂಚೆಯೇ ಅವರು ಮಕ್ತುಮ್ ಸಾಬರ ಹಣ್ಣಿನ ವಖಾರಿಯಲ್ಲಿ ಹುಲ್ಲು ಸರಿಸುತ್ತಿರುತ್ತಾರೆ. ಸೊನೆ ತಾಗದಂತೆ ಕೈಗೆ ಹರಳೆಣ್ಣೆ, ಮೇಲೆ ಅರಿವೆಯ ಸುತ್ತು. ಹರಿಹರದ ಕಡೆಯಿಂದ ಗಾಡಿಯಲ್ಲಿ ಬಂದ ಕಾಯಿಯ ತೊಟ್ಟು ಮುರಿದು, ಸೊನೆ ಇಳಿಯಲೆಂದು ಬೋರಲು ಹಾಕಿ, ಆಮೇಲೆ ಹುಲ್ಲಿನಲ್ಲಿ ಮುಚ್ಚುತ್ತಾರೆ. ದಿನಕ್ಕೆ ಎರಡು ಸಾವಿರ ಕಾಯಿ. ಹೀಗೆ ಹದಿನಾಲ್ಕು ಬೇಸಿಗೆ. ಯಾವುದು ಇವತ್ತಿನದು, ಯಾವುದು ನಾಳಿದ್ದಿಗೆ ಎಂಬುದನ್ನು ಮೂಸಿಯೇ ಹೇಳುತ್ತಾರೆ.

“ತಿನ್ನದ ಹಣ್ಣನ್ನ ಸಿಹಿ ಅಂತೀಯಲ್ಲ ಉಚ್ಚೆಂಗವ್ವಾ, ಎಂಥಾ ಸುಳ್ಳಿ ನೀನು!” ಎಂದು ಸಾಬರು ಕಿಚಾಯಿಸುತ್ತಾರೆ.

“ಅವತ್ತಿನ ಉರಿ ನೆನಪೈತ್ರಿ, ರುಚಿ ಮರ್ತೋಗೈತೆ,” ಎನ್ನುತ್ತಾರೆ ಉಚ್ಚೆಂಗೆಮ್ಮ. “ಕನಸ್ನಾಗ ತಿಂತೀನಿ. ಎದ್ದ ಮ್ಯಾಲೆ ಏನೂ ಇರಲ್ಲ.”

ಈ ಬೇಸಿಗೆ ಮಗಳು ಹುಲಿಗೆಮ್ಮ ಕಡರನಾಯಕನಹಳ್ಳಿಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ದೀಪ ಹಚ್ಚುವ ಹೊತ್ತಾದರೆ ಗೋಡೆ ತಡವುತ್ತಾಳೆ. ಇರುಳುಗಣ್ಣು. ಸೊಪ್ಪಿನ ವಾಸನೆಗೇ ವಾಂತಿ. ಬಯಕೆ ಮಾತ್ರ ಮಾವಿನ ಮೇಲೆ.

“ಕಣ್ಣಿಗೆ ಬೇಕಾದ ಸತ್ವ ಆ ಹಳದಿ ತಿರುಳಲ್ಲೇ ಇದೆಯಮ್ಮ,” ಎಂದರು ಹಳೆಯ ಕತೆಯನ್ನೆಲ್ಲ ಕೇಳಿದ ಆಸ್ಪತ್ರೆಯ ಡಾಕ್ಟರು. “ನಿಮಗೆ ಆಗದೇ ಇದ್ದದ್ದು ಅದೇ ಹಣ್ಣಿನ ಯಾವುದೋ ಪ್ರೋಟೀನು ಇರಬೇಕು. ತಾಯಿಗೆ ಆಗದ್ದು ಮಗಳಿಗೂ ಆಗಬಾರದು ಅಂತೇನಿಲ್ಲ. ಇಲ್ಲೇ, ನಮ್ಮ ಕಣ್ಣೆದುರಿಗೆ ಚೂರು ತಿನ್ನಿಸಿ ನೋಡೋಣ.”

ಮೂರು ದಿನ ಉಚ್ಚೆಂಗೆಮ್ಮ ವಖಾರಿಯಿಂದ ಬರಿಗೈಯಲ್ಲೇ ಮನೆಗೆ ಬಂದರು. ನಾಲ್ಕನೆಯ ದಿನ ವಖಾರಿಯಲ್ಲಿ ಒಂದು ಹಣ್ಣು ಆರಿಸಿ, ಸೊನೆಯಿರುವ ತೊಟ್ಟಿನ ಬದಿ ದಪ್ಪಗೆ ಕೊಯ್ದು ಎಸೆದು, ಸಿಪ್ಪೆ ಹೆರೆದು, ಆಸ್ಪತ್ರೆಯ ಬೆಂಚಿನ ಮೇಲೆ ಮಗಳಿಗೆ ಉಗುರಿನಷ್ಟು ಕೊಟ್ಟರು. ಅವಳ ತುಟಿಯನ್ನೇ ನೋಡುತ್ತ ಕೂತರು. ಒಂದು ತಾಸು ಕಳೆಯಿತು. ತುಟಿ ಊದಲಿಲ್ಲ. ಡಾಕ್ಟರು ತಲೆಯಾಡಿಸಿದ ಮೇಲೆ ಒಂದು ಹೋಳು, ಆಮೇಲೆ ಉಳಿದದ್ದೆಲ್ಲ.

“ಹೆಂಗೈತೆ? ಬೆಲ್ಲದಂಗಾ, ಜೇನಿನಂಗಾ? ಏನಾರ ಹೇಳೇ!”

“ಮಾವಿನಹಣ್ಣಿನಂಗೈತವ್ವ,” ಎಂದು ಹುಲಿಗೆಮ್ಮ ಅಂಗೈ ನೆಕ್ಕಿದಳು.

“ಹೋಗ್ಲಿ ಬಿಡು,” ಎಂದು ಉಚ್ಚೆಂಗೆಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿದರು.

ಈಗ ದಿನಕ್ಕೊಂದು ಹಣ್ಣು ಮನೆಗೆ ಹೋಗುತ್ತದೆ. ತಾಯಿಗೆ ಕೊಟ್ಟ ಮಾತು ಅರ್ಧ ಮುರಿದಿದೆ, ಅರ್ಧ ಉಳಿದಿದೆ.