ಹಾಯಿದೋಣಿಗೆ ಸೆಗಣಿ ಮೆತ್ತಿದ ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನಮ್ಮ ವಿಜ್ಞಾನದ ಮಾಸ್ತರರು ಮನೆಗೇ ಬಂದು, ಕೈಯಿಂದ ಮುಟ್ಟಿ, ಅದರ ನೆರಳಲ್ಲಿ ಕುಳಿತು ಎರಡು ಕಪ್ ಚಹಾ ಕುಡಿದು ಹೋದರು. ಆಮೇಲೂ ನಂಬಲಿಲ್ಲ. ಸಮುದ್ರವನ್ನು ಟಿವಿಯಲ್ಲಿ ಮಾತ್ರ ಕಂಡ ಜಹೀರಾಬಾದಿನಲ್ಲಿ, ನಮ್ಮ ಅಂಗಳದಲ್ಲಿ, ಒಂದು ಹಾಯಿದೋಣಿ ನಿಂತಿತ್ತು. ಒಳಗೆ ಇಬ್ಬರು ಮಲಗುವ ಕೋಣೆ, ಪುಟ್ಟ ಒಲೆ, ನಾಲ್ಕು ದುಂಡು ಕಿಟಕಿ. ಉದ್ದ ನಲವತ್ತು ಅಡಿ. ಟೇಪು ಹಿಡಿದರೆ ಇಪ್ಪತ್ತೆರಡು ಬರುತ್ತದೆ, ಆದರೆ ನಮ್ಮ ಟೇಪು ಹಳೆಯದು.

ದೋಣಿ ನಮ್ಮ ಕಾಕಾನದು, ಅಂದರೆ ಅಪ್ಪನ ತಮ್ಮನದು. ಅವನಿಗೆ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ. ಮದುವೆ ಆಗಲಿಲ್ಲ, ಪ್ಲಾಟು ಕೊಳ್ಳಲಿಲ್ಲ. ಮುಂಬೈಯಲ್ಲಿ ಯಾರಿಗೋ ಬೇಡವಾಗಿದ್ದ ಈ ಮರದ ದೋಣಿಯನ್ನು ಕೊಂಡು ಟ್ರೇಲರ್ ಮೇಲೆ ಹೆದ್ದಾರಿಯುದ್ದಕ್ಕೂ ಹೊತ್ತು ತಂದ. ಅದು ಒಳಗೆ ಬರಲೆಂದು ನಾವು ಗೇಟು ಕಿತ್ತೆವು, ಬೇವಿನ ಟೊಂಗೆ ಕಡಿದೆವು, ಪಕ್ಕದ ಮನೆಯವರ ಜೊತೆ ಮಾತು ಬಿಟ್ಟೆವು.

ಅಪ್ಪ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್; ಅಲ್ಲೇ ಉಳಿಯುತ್ತಿದ್ದ, ಮನೆಗೆ ಬರುವುದು ಅಪರೂಪ. ಒಡೆದ ಪರಸಿ ಕಲ್ಲುಗಳನ್ನು ತಂದು ದೋಣಿಗೆ ಕಟ್ಟೆ ಕಟ್ಟಿಸಿದ್ದು ಅವನೇ. ಹಾಗಂತ ಒಪ್ಪಿದ್ದ ಅಂದುಕೊಳ್ಳಬೇಡಿ. ಎರಡು ವರ್ಷ ಅದನ್ನು 'ಒಣ ಕಟಗಿ' ಅಂತಲೇ ಕರೆದ. ಕಾಕಾ ಮಾತ್ರ ಒಂದೇ ಮಾತು ಹಿಡಿದಿದ್ದ: "ನೌಕರಿ ಬಿಟ್ಟ ಮ್ಯಾಲ ನನ್ನ ಮನಿ ಇದೇ. ನಾರಾಯಣಖೇಡದ ಕಡೆ ಮಂಜೀರಾ ಹಿನ್ನೀರಿನಾಗ ಬಿಡ್ತೀನಿ. ಅಲ್ಲೇ ಇರ್ತೀನಿ." ಹೋದ ಚಳಿಗಾಲ ಹಡಗಿನಲ್ಲಿ ಅವನ ಕೊನೆಯ ಪಾಳಿ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಬಂದವನೇ ದೋಣಿ ನೀರಿಗಿಳಿಸುವುದು ಅಂತ ಗೊತ್ತಾಗಿತ್ತು. ಅಪ್ಪನೂ ಕೊನೆಗೆ ಕರಗಿ, ಕಲ್ಲು ಹೇರುವ ಕ್ರೇನ್ ಲಾರಿ ತರುತ್ತೇನೆ ಅಂದಿದ್ದ.

ಅಲ್ಲಿಯವರೆಗೆ ದೋಣಿಯ ಜವಾಬ್ದಾರಿ ಯಾರದು? ನನ್ನದು.

ದಸರೆ ಮುಗಿದ ಮರುದಿನ ಕಾಕಾ ಹೊರಡುವಾಗ ನನ್ನ ಕಿವಿ ಹಿಡಿದೇ ಹೇಳಿದ. "ಥಂಡಿ ದಿನ ದೋಣಿಗೆ ಕೆಟ್ಟವು. ಹಗಲು ಕಾಯ್ತದ, ರಾತ್ರಿ ಒಳಗೇ ಬೆವರ್ತದ. ದಿನಾ ಮುಂಜಾನಿ ಬಾಗಲ, ಖಿಡಕಿ ಎಲ್ಲ ತೆರಿ. ಗಾಳಿ ಆಡಬೇಕು. ತಳದ ಹಲಗಿ ಎತ್ತು, ಮಳಿ ನೀರು ನಿಂತಿರ್ತದ, ತೆಗದು ಒರಸು. ತಿಳೀತಾ?"

"ತಿಳೀತು, ಕ್ಯಾಪ್ಟನ್."

"ಕ್ಯಾಪ್ಟನ್ ಅಲ್ಲಲೇ, ಗ್ರೀಸ್ ಹಚ್ಚಾಂವ."

ನಾಲ್ಕು ದಿನ ನಾನು ಎತ್ತಿನಂತೆ ದುಡಿದೆ. ಕಟಕಟೆಯ ಮರವನ್ನು ಮರಳು ಕಾಗದದಿಂದ ತಿಕ್ಕಿ ವಾರ್ನಿಶ್ ಹೊಡೆದೆ; ಅರ್ಧ ಕಟಕಟೆಗೆ, ಅರ್ಧ ನನ್ನ ತಲೆಗೂದಲಿಗೆ. ಹಾಯಿ ತೊಳೆದು ಮಾಳಿಗೆಯ ಮೇಲೆ ಹರವಿದೆ. ಮಧ್ಯಾಹ್ನ ಹತ್ತಿ ನೋಡಿದರೆ ಅದರ ತುಂಬ ತೊಗರಿ, ನಡುವೆ ನಮ್ಮ ಆಯಿ. ಅಪ್ಪನ ತಾಯಿ. ಮಳೆಗಾಲ ಮುಗಿದ ಮೇಲೆ ಬೀಜದ ತೊಗರಿಯನ್ನು ಮತ್ತೆ ಬಿಸಿಲಿಗೆ ಹಾಕುವುದು ಅವಳ ಪದ್ಧತಿ.

"ಎಂಥಾ ಛಲೋ ತಾಡಪತ್ರಿ ತಂದಾನ ನನ್ನ ಮಗ!" ಅಂದಳು.

ಐದನೇ ದಿನ ಚಳಿ ಬಿತ್ತು. ಹಲ್ಲು ಕಟಕಟ ಅನ್ನುವ ಸದ್ದಿಗೆ ನಾಯಿಗಳು ಎದ್ದು ಬೊಗಳಿದವು. ದಿನಾ ಮುಂಜಾನೆ ಎದ್ದು ದೋಣಿ ತೆರೆದಿಡುವ ಕಷ್ಟವನ್ನು ನಾನು ಕೌದಿಯೊಳಗಿಂದಲೇ ಆಯಿಗೆ ಹೇಳಿಕೊಂಡೆ.

ಆಯಿ ಆಗ ತೊಗರಿ ಕಣಜದ ಬಾಯಿಗೆ ಮಣ್ಣು, ಸೆಗಣಿ ಕಲಸಿ ಮೆತ್ತುತ್ತಿದ್ದಳು. "ತೆರದಿಡಾಕ ಅದೇನು ಸಂತೀನು?" ಅಂದಳು. "ಬೇವಿನ ತಪ್ಪಲ ಹಾಕು, ಬಾಯಿ ಮೆತ್ತು. ಗಾಳಿ ಹೊಕ್ಕರ ಹುಳ ಹೊಕ್ಕಂಗ. ನನ್ನ ತೊಗರಿ ಒಂದ ವರ್ಷರೆ ಕೆಟ್ಟಾವೇನು?"

ಕೆಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ. ಎರಡು ಬುಟ್ಟಿ ಬೇವಿನ ಎಲೆ ದೋಣಿಯೊಳಗೆ ಸುರಿದೆ. ಬಾಗಿಲು, ಕಿಟಕಿ, ಸೊಳ್ಳೆ ತೂರುವ ಬಿರುಕು, ಎಲ್ಲಕ್ಕೂ ಸೆಗಣಿ ಮೆತ್ತಿದೆ. ಹಲಗೆ ಎತ್ತಿ ನೋಡಲಿಲ್ಲ. ಗೆಳೆಯರಿಗೆ, ಒಳಗೆ ವಿಷದ ಹೊಗೆ ಬಿಟ್ಟಿದೆ, ಮುಟ್ಟಿದರೆ ಮೀಸೆ ಬರುವುದಿಲ್ಲ ಅಂದೆ. ಯಾರೂ ಹತ್ತಿರ ಸುಳಿಯಲಿಲ್ಲ.

ಕಾಕಾನಿಗೆ ದೋಣಿಯ ಫೋಟೋ ಬೇಕಿತ್ತು. ಮೊದಲ ದಿನ ತೆಗೆದ ಮೂವತ್ತು ಫೋಟೋ ಇದ್ದವು. ಒಂದೊಂದಾಗಿ ಫೋನಿನಲ್ಲಿ ಕಳಿಸಿದೆ.

"ಏನಲೇ, ನಿನ್ನ ಮೈಮ್ಯಾಲ ದಿನಾ ಅದೇ ಅಂಗಿ?"

"ಕೆಲಸದ ಅಂಗಿ, ಕಾಕಾ."

ಅವನು ನಕ್ಕ. ಆ ಫೋಟೋಗಳನ್ನು ಇಂಜಿನ್ ಕೋಣೆಯವರಿಗೆಲ್ಲ ತೋರಿಸುತ್ತಿದ್ದನಂತೆ, 'ನಮ್ಮ ಹುಡುಗ ನೋಡ್ರಿ' ಅಂತ.

ಎಳ್ಳಮಾಸಿಗೆ ಎರಡು ದಿನವಿರುವಾಗ ಕಾಕಾ ಬಂದ. ಚೀಲ ಕಟ್ಟೆಯ ಮೇಲಿಟ್ಟು, ಆಯಿ ಕೊಟ್ಟ ನೀರನ್ನೂ ಕುಡಿಯದೆ ಸೀದಾ ದೋಣಿಯ ಹತ್ತಿರ ಹೋದ. ಒಣಗಿ ಬಿರಿದ ಸೆಗಣಿಯ ಮೇಲೆ ಕೈಯಾಡಿಸಿದ.

"ಇದೇನು?"

"ಹುಳ ಹೊಗಬಾರದಂತ... ಆಯಿ ತೊಗರಿಗಿ ಮಾಡ್ತಾಳಲ್ಲ."

ಸ್ಕ್ರೂಡ್ರೈವರಿನಿಂದ ಕೆತ್ತಿ ಬಾಗಿಲು ತೆಗೆದ. ಒಳಗಿಂದ ಬಂದ ವಾಸನೆಗೆ ಹಿತ್ತಲಿನ ಎಮ್ಮೆ ಮುಖ ತಿರುಗಿಸಿತು. ಛಾವಣಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಾಸಿಗೆಯ ಮೇಲೆ ಕರಿ ಬೂಷ್ಟು. ಬೇವು ಕೊಳೆತು ಅಂಬಲಿಯಾಗಿತ್ತು. ಕಾಕಾ ಒಂದು ಹೆಜ್ಜೆ ಇಟ್ಟ. ನೆಲ ಮುರಿದು ಮೊಣಕಾಲಿನವರೆಗೆ ಇಳಿದ. ಕಾಲು ಎಳೆದುಕೊಳ್ಳಲಿಲ್ಲ. ಅಲ್ಲೇ ಬಗ್ಗಿ, ತಳದ ದಪ್ಪ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದ. ಹಣ್ಣಾದ ಪಪ್ಪಾಯಿಗೆ ಹೋದಂತೆ ಹಿಡಿಯವರೆಗೆ ಹೋಯಿತು. ಇನ್ನೊಂದು ಕಡೆ ಒತ್ತಿದ. ಮತ್ತೊಂದು ಕಡೆ.

"ಹೋದ ವಾರ ಛಲೋ ಇತ್ತು ಕಾಕಾ, ಖರೇ."

"ತಳದ ನೀರು ತೆಗದಿದ್ದಿ?"

ನಾನು ಕಿಟಕಿಗೆ ಮೆತ್ತಿದ ಸೆಗಣಿಯನ್ನು ಉಗುರಿನಿಂದ ಕೆರೆಯತೊಡಗಿದೆ.

"ಮೊದಲೇ ಮುದಿ ಕಟಗಿ. ಗಾಳಿ ಮ್ಯಾಲೇ ಬದುಕಿತ್ತು," ಅಂದ.

"ದುರಸ್ತಿ ಮಾಡಾಕ ಬರ್ತದಲ್ಲ?"

"ಇದು ಅದರ ಬೆನ್ನೆಲಬು. ಬೆನ್ನೆಲಬು ಕೊಳತ ಮ್ಯಾಲ ಏನು ದುರಸ್ತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಆ ತೂತಿನಲ್ಲಿ ಕಾಲು ಇಳಿಬಿಟ್ಟು, ಎರಡು ದುಂಡು ಕಿಟಕಿಗಳ ನಡುವೆ, ಒಲೆಯ ಮೇಲೆ ಕೈಯಿಟ್ಟು ಕುಳಿತ. ನನಗೆ ಸುಮ್ಮನಿರಲು ಬರುವುದಿಲ್ಲ.

"ಅಪ್ಪಗ ನಾ ಹೇಳ್ತೀನಿ ಕಾಕಾ. ಮುಂಬೈದಿಂದ ಬರುವಾಗೇ ಹಿಂಗಿತ್ತಂತ."

"ಹೇಳಪ್ಪ. ನಿನ್ನಂಗ ಹೇಳಾಕ ಯಾರಿಗಿ ಬರ್ತದ."

ಆಗಲೇ ಬೀದಿಯಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಮರುದಿನ ಬರಬೇಕಿದ್ದ ಕ್ರೇನ್ ಲಾರಿ, ಒಂದು ದಿನ ಮುಂಚೆಯೇ. ಅಪ್ಪ ಒಳಗೆ ಬಂದ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ದೋಣಿಯ ಮೂತಿಗೆ ಸರಿಹೊಂದುವಷ್ಟು ಉದ್ದದ ಚೆಂಡು ಹೂವಿನ ಮಾಲೆ. ಅವನು ಹಾಗೆ ನಗುತ್ತ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಇದಕ್ಕೆ ಒಂದು ಅಡಿಯನ್ನೂ ಸೇರಿಸಿಲ್ಲ.

ನೆಲಕ್ಕೆ ಬಿದ್ದ ಸೆಗಣಿಯ ಹೆಂಟೆ ನೋಡಿದ. ಒಳಗೆ ಕೂತ ತಮ್ಮನನ್ನು ನೋಡಿದ. ಬಾಗಿಲ ಚೌಕಟ್ಟಿನಿಂದ ಒಂದು ಚೂರು ಮುರಿದುಕೊಂಡು ಬೆರಳುಗಳ ನಡುವೆ ಹಿಸುಕಿದ. ಪುಡಿಯಾಯಿತು. ನಾನು ಬಾಯಿ ತೆರೆದೆ.

"ಮುಚ್ಚು," ಅಂದ. ತೆಂಗಿನಕಾಯಿ ನನ್ನ ಕೈಗಿಟ್ಟ. "ಆಯಿಗಿ ಕೊಡು. ಚಟ್ನಿಗಿ ಆಗ್ತದ."

ಆಮೇಲೆ ಗೇಟಿನ ಕಡೆ ತಿರುಗಿ ಕೂಗಿದ: "ಗಾಡಿ ಹಿಂದ ಹಚ್ಚರಿ! ಹೇರೋದದ. ಹಿನ್ನೀರಿಗಲ್ಲ, ಕಟಗಿ ಮಾರೋ ಅಡ್ಡಾಕ್ಕ."

ಕಾಕಾ ತೂತಿನಿಂದ ಕಾಲು ಎಳೆದುಕೊಂಡು ಇಳಿದು, ಕಟ್ಟೆಯ ಮೇಲಿನ ತನ್ನ ಚೀಲ ಎತ್ತಿಕೊಂಡು ಲಾರಿಗೆ ದಾರಿ ಬಿಟ್ಟ.