ಬಸವರಾಜಣ್ಣ ಹಾರಿಸಿದ ವಿಮಾನ

ವೈನಿ, ಬಸವರಾಜಣ್ಣ ಮರೆತಿರಲಿಲ್ಲ. ಮರೆತಿರಬೇಕು ಎಂದು ಆರು ವರ್ಷಗಳ ಹಿಂದೆ ನಿಮ್ಮ ಮುಖ ನೋಡಿ ಹೇಳಿದೆನಲ್ಲ — ಅದು ಸುಳ್ಳು. ಅವರು ನಿಮಗಾಗಿ ಮಾಡಿಟ್ಟದ್ದನ್ನು ಅಳಿಸಿದವನು ನಾನು.

ನಮ್ಮ ಹುಚ್ಚು ನಿಮಗೆ ಗೊತ್ತೇ ಇದೆ. ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕ್‌ಗೆ ಬಂದವನು. ನಿಮ್ಮ ಯಜಮಾನರು ಬಸವರಾಜಣ್ಣ ಸಾತಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಬಾಯ್ತುಂಬ ಬೀದರಿನ ಕನ್ನಡ ಆಡುವುದಕ್ಕೆಂದೇ ನನ್ನ ಮನೆಗೆ ಬರುತ್ತಿದ್ದವರು. ತಲೆ ನರೆತ ಮೇಲೆ ಇಬ್ಬರೂ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಕ್ಕೆ ಬಿದ್ದೆವು. “ಮುದುಕರ ಗಾಳಿಪಟ ಶುರು ಆತೇನ್ರಿ” ಎಂದು ನೀವು ನಗುತ್ತಿದ್ದಿರಿ. ಆ ಆಟದೊಳಗೆ ಸಂಭಾಜಿನಗರದ ವಿಮಾನ ನಿಲ್ದಾಣವನ್ನೂ ಸುತ್ತಲಿನ ಮನೆಗಳನ್ನೂ ನಾವೇ ಕಟ್ಟಿದೆವು. ನಿಮ್ಮ ಸಂಸಾರ ಶುರುವಾದ ಬಾಡಿಗೆ ಮನೆಯನ್ನು, ಹಸಿರು ನೀರಿನ ಟಾಕಿ ಸಮೇತ, ಅವರೇ ಇಟ್ಟರು.

ಆಮೇಲೆ ಅಲ್ಲಿ ಓಡಾಡಲು ಒಂದು ವಿಮಾನ ಬೇಕಾಯಿತು. ಸಣ್ಣ ಬಿಳಿಯದು, ಅವರೇ ತಯಾರಿಸಿದ್ದು. ಅದು ತಾನಾಗಿ ಹಾರಬೇಕಾದರೆ ಮೊದಲು ಒಬ್ಬರು ಹಾರಿಸಿ ತೋರಿಸಬೇಕು. ಕಂಪ್ಯೂಟರು ಆ ದಾರಿಯನ್ನೂ ಕೈಯ ಒಂದೊಂದು ಅಲುಗಾಟವನ್ನೂ ಬರೆದಿಟ್ಟುಕೊಂಡು ಮತ್ತೆ ಮತ್ತೆ ಹಾಗೆಯೇ ಹಾರಿಸುತ್ತದೆ. ಅಣ್ಣನ ಕೈ ಆಗಲೇ ಕಾಯಿಲೆಯಿಂದ ನಡುಗುತ್ತಿತ್ತು. ಆದರೂ ನನ್ನ ಕುರ್ಚಿಯಲ್ಲಿ ಕೂತು ಹಾರಿಸಿದರು — ಏರುವುದು, ಊರಿಗೊಂದು ಸುತ್ತು, ಇಳಿಯುವುದು. ಮನೆಗಳ ಮೇಲೆ ಬಂದಾಗ ರೆಕ್ಕೆ ಎಡಕ್ಕೆ, ಬಲಕ್ಕೆ ವಾಲಿತು. ಅವರು ನಕ್ಕರು. ಯಾಕೆಂದು ನಾನು ಕೇಳಲಿಲ್ಲ.

ಮುಂದಿನ ವಾರ ಅವರು ಆಸ್ಪತ್ರೆ ಸೇರಿದರು. ನನಗೋ, ನಮ್ಮ ಕೆಲಸವನ್ನು ಬೇರೆ ಹವ್ಯಾಸಿಗಳಿಗೆ ತೋರಿಸಿ ಬೀಗುವ ಆತುರ. ಸೊಟ್ಟಗಿರುವುದು ನನ್ನ ಕಣ್ಣಿಗೆ ಹಿಡಿಸುವುದಿಲ್ಲ, ಅದೊಂದು ದರಿದ್ರ ಸ್ವಭಾವ. ಆ ವಾಲಾಟ ನಡುಗುವ ಕೈಯದು ಎಂದುಕೊಂಡೆ — ಜನ ನಕ್ಕಾರು ಎಂದುಕೊಂಡೆ... ಅವರನ್ನು ಒಂದು ಮಾತು ಕೇಳದೆ ನಾನೇ ನೆಟ್ಟಗೆ ಹಾರಿಸಿ, ಅವರದನ್ನು ಅಳಿಸಿ ಅದರ ಜಾಗದಲ್ಲಿ ನನ್ನದನ್ನು ಉಳಿಸಿಬಿಟ್ಟೆ. ಹಳೆಯದರ ಪ್ರತಿಯನ್ನೂ ತೆಗೆದಿಡಲಿಲ್ಲ.

ಅವರು ಆಸ್ಪತ್ರೆಯಿಂದ ಮರಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ನೀವು ನಮ್ಮ ಮನೆಗೆ ಬಂದಿರಿ.

“ನಮ್ಮ ಹಳೇ ಮನಿ ಮ್ಯಾಲೆ ಬಂದಾಗ ನಿನಗಂತ ರೆಕ್ಕಿ ಆಡಿಸೀನಿ, ನೋಡು ಅಂದಿದ್ರು. ದವಾಖಾನ್ಯಾಗ ದಿನಾ ಅದೇ ಮಾತು. ತೋರಸ್ತೀರೇನ್ರಿ?”

ತೋರಿಸಿದೆ. ವಿಮಾನ ಹಸಿರು ಟಾಕಿಯ ಮೇಲೆ ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಇನ್ನೊಮ್ಮೆ ಎಂದಿರಿ. ಮೂರನೇ ಸಲ ನೋಡಿ ನನ್ನ ಕಡೆ ತಿರುಗಿದಿರಿ.

“ಮರತಿರಬೇಕ್ರಿ ವೈನಿ,” ಎಂದೆ.

“ಹೌದ್ರಿ, ಭಾಳ ದಣದಿದ್ರು,” ಎಂದು ಸೆರಗು ಸರಿಮಾಡಿಕೊಂಡು ಎದ್ದಿರಿ. ಬಾಗಿಲವರೆಗೆ ನಿಮ್ಮ ಹಿಂದೆಯೇ ಬಂದೆ.

ಈಗ ನೀವು ಸಂಭಾಜಿನಗರದಲ್ಲಿ, ಮಗಳ ಮನೆಯಲ್ಲಿ. ಹೋದ ತಿಂಗಳು ನನ್ನೊಡನೆ ಫೋನಿನಲ್ಲಿ ಮಾತಾಡುತ್ತಲೇ ಅವಳ ಕಡೆ ತಿರುಗಿ ನಗುತ್ತ ಹೇಳಿದಿರಿ: “ನಿಮ್ಮಪ್ಪ ಕಡೀಗೆ ನನ್ನ ಮರ್ತೇ ಹೋದ್ರು ನೋಡವಾ.” ಅಂದು ಸಂಜೆ ಕಂಪ್ಯೂಟರಿನ ಮುಂದೆ ಕೂತೆ. ಆ ಮನೆಯ ಮೇಲೆ ನಾನೇ ರೆಕ್ಕೆ ಆಡಿಸಿ, ಹಳೆಯದು ಸಿಕ್ಕಿತು ಎಂದು ಕಳಿಸಿದ್ದರೆ ನಿಮಗೆ ತಿಳಿಯುತ್ತಲೇ ಇರಲಿಲ್ಲ. ಆಡಿಸಿಯೂ ಆಡಿಸಿದೆ. ಎಷ್ಟು ಚೆನ್ನಾಗಿ ಬಂತೆಂದರೆ — ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕೂಡಲೇ ಅಳಿಸಿದೆ.

ಭಾನುವಾರ ನಾಸಿಕ್ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಬರುತ್ತೇನೆ, ವೈನಿ. ಈ ಪತ್ರ ಓದಿ ನೀವು ಒಳಗೆ ಕರೆಯದಿದ್ದರೆ ಹೊಸ್ತಿಲಲ್ಲೇ ನಿಂತು ಹೇಳುತ್ತೇನೆ. ಅವರು ನಿಮಗಾಗಿ ರೆಕ್ಕೆ ಆಡಿಸಿದ್ದನ್ನು ಕಂಡವನು ನಾನೊಬ್ಬನೇ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ... ಹೀಗೆಂದು ಬಾಯಿಂದ ಹೇಳುವುದು ಬಿಟ್ಟರೆ ನಿಮಗೆ ಕೊಡಲು ನನ್ನ ಹತ್ತಿರ ಏನೂ ಉಳಿದಿಲ್ಲ.